ಕರಡಿಗೆಯಲ್ಲಿ ಎರಡು ಹುಣಸೆ ಬೀಜ

ಅರಸೀಕೆರೆ
3 ಜುಲೈ 2025

ಜಾನಕಕ್ಕನಿಗೆ,

ಕೈಬರಹ ನೋಡಿದ ತಕ್ಷಣ ಯಾರೆಂದು ನಿಮಗೆ ಗೊತ್ತಾಗಿರುತ್ತದೆ. ಒಲೆಗೆ ಹಾಕುವ ಮುಂಚೆ ಒಂದು ಸಲ ಓದಿಬಿಡಿ. ಒಲೆ ಎಲ್ಲಿಗೂ ಓಡಿಹೋಗುವುದಿಲ್ಲ.

ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮ ಮಧುಕುಮಾರ ಸಿಕ್ಕಿದ್ದ. ನಂಬರ್ ಕೇಳಿದೆ. "ಅಮ್ಮಂಗೆ ಎರಡು ಕಿವೀನೂ ಹೋಗವೆ ಅತ್ತೆ. ಫೋನ್ ಮಾಡಿದ್ರೆ ಏನೂ ಕೇಳಕ್ಕಿಲ್ಲ. ಕಾಗದ ಬರೀರಿ, ಓದ್ಕತಾಳೆ" ಅಂದ. ಬಸ್ ಬಂತು, ಹೋದ. ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ನಮ್ಮ ಭಜನೆ ಗುಂಪಿನಲ್ಲಿ ಹಾರ್ಮೋನಿಯಂ ಒಂದು ಕೂದಲೆಳೆ ತಪ್ಪಿದರೂ ಮುಖ ಕಿವುಚುತ್ತಿದ್ದ ನಿಮಗೆ ಕಿವಿ ಹೋಗುವುದೆಂದರೆ ಏನು? ದೇವರು ಆರಿಸಿ ಆರಿಸಿ ಕಿತ್ತುಕೊಳ್ಳುತ್ತಾನೆ.

ಬರೆಯಲು ಕಾರಣ ಬೇರೆ ಇದೆ. ಕಾರ್ತಿಕ ಮಾಸದಲ್ಲಿ ನಮ್ಮ ಮಠದಲ್ಲಿ ಸಮಾರಂಭ. ಮಠದ ಸಮಿತಿಯ ರಾಜಶೇಖರ್ ಇಬ್ಬರನ್ನು ಕರೆದುಕೊಂಡು ಮನೆಗೆ ಬಂದಿದ್ದರು. ನಾನೊಂದು ಹಾಡು ಬರೆಯಬೇಕಂತೆ, ವೇದಿಕೆಯ ಮೇಲೆ ಶಾಲೆಯ ಹುಡುಗಿಯರ ಜೊತೆ ಕೂತು ಹಾಡಬೇಕಂತೆ. "ಎಲ್ಲಾ ಕಳ್ಕೊಂಡ್ರೂ ನಂಬಿಕೆ ಕಳ್ಕೊಳ್ಳದೇ ಇರೋರು ಅಂದ್ರೆ ನಮ್ಮ ಸೀಮೇಲಿ ನೀವೊಬ್ರೇ ಕಣ್ರಮ್ಮ. ಆ ವಿಷಯದ ಮೇಲೇ ಬರೀಬೇಕು" ಅಂದರು. ಹಾಡಾದ ಮೇಲೆ ಶಾಲು ಹೊದಿಸಿ, ಹೆಸರಿಗೊಂದು ಬಿರುದನ್ನೂ ಅಂಟಿಸುತ್ತಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಯಜಮಾನರು "ಬರೀತಾಳೆ ಬಿಡಿ" ಅಂದುಬಿಟ್ಟರು. ಮಗ ಹೋದ ಮೇಲೆ ಕೊಬ್ಬರಿ ಮಂಡಿ ಮುಚ್ಚಿ, ದೊಡ್ಡ ಮನೆ ಮಾರಿ, ಈ ಎರಡು ಕೋಣೆಯ ಮನೆಗೆ ಬಂದಾಗಿನಿಂದ ಅವರು ಇಷ್ಟು ಉತ್ಸಾಹದಿಂದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬೇಡ ಅನ್ನುವುದಕ್ಕೆ ಆಗಲಿಲ್ಲ.

ನಾನು ಆ ಹಾಡನ್ನು ಬರೆಯಲಾರೆ. ಯಾಕೆಂದು ಈ ಲೋಕದಲ್ಲಿ ಗೊತ್ತಿರುವುದು ನಿಮಗೊಬ್ಬರಿಗೇ. ಅದಕ್ಕೇ ಈ ಕಾಗದ.

ನಿಮ್ಮ
ಶಿವಗಂಗ


ಹಗರೆ
14 ಜುಲೈ 2025

ಗಂಗಾ,

ಒಲೆಗೆ ಹಾಕಲಿಲ್ಲ. ನಮ್ಮ ಮನೆಯಲ್ಲಿ ಈಗ ಗ್ಯಾಸು.

ಭವಿಗೆ ಕಾಗದ ಬರೆಯಲು ಸಂಕೋಚವಾಗಲಿಲ್ಲವೇ ನಿನಗೆ? ಕೊರಳಲ್ಲಿ ಲಿಂಗವಿಲ್ಲದವರನ್ನು ನೀವು ಹಾಗಂತ ಕರೆಯುತ್ತೀರಿ ಎಂದು ಕೇಳಿದ್ದೆ. ಇಪ್ಪತ್ತೆರಡು ವರ್ಷ ಒಂದೇ ಬೀದಿಯಲ್ಲಿ ಇದ್ದು, ಒಂದೇ ಪುಸ್ತಕ ಹಿಡಿದು ಹಾಡಿದ ಮೇಲೆ, ಅದನ್ನು ನನ್ನ ಮುಖಕ್ಕೇ ಅನ್ನುತ್ತೀಯ ಅಂತ ಮಾತ್ರ ಗೊತ್ತಿರಲಿಲ್ಲ. "ನಿಮ್ಮಂಥ ಭವಿಗಳಿಗೆ ಇದೆಲ್ಲ ಏನ್ ಗೊತ್ತು, ಸುಮ್ನಿರಿ." ಅವತ್ತು ನನ್ನ ಕಿವಿ ಚೆನ್ನಾಗಿತ್ತು ಕಣೇ. ಒಂದಕ್ಷರ ಬಿಡದೆ ಕೇಳಿಸಿತು. ಮರೆಯುವ ಜಾಯಮಾನ ನನ್ನದಲ್ಲ. ನಿನ್ನ ಮಗನ ಮಣ್ಣಿಗೂ ನಿಲ್ಲದೆ ಬಂದೆ. ಮುಂದಿನ ತಿಂಗಳು ನಮ್ಮ ಯಜಮಾನರು ಜವರಯ್ಯನವರಿಗೆ ಬಸ್ ಡಿಪೋದಲ್ಲಿ ರಿಟೈರ್ ಆಯಿತು, ಮೂಟೆ ಕಟ್ಟಿಕೊಂಡು ಹಗರೆಗೆ ಬಂದೆವು. ನೀನು ಬಸ್ ಹತ್ತಿಸಲೂ ಬರಲಿಲ್ಲ.

ಕಿವಿಯ ವಿಷಯ ಕೇಳಬೇಡ. ಮೊದಲು ಎಡಗಡೆ ಹೋಯಿತು, ಹೋದ ವರ್ಷ ಬಲಗಡೆ. ಬೇಲೂರಿನಲ್ಲಿ ತೋರಿಸಿದೆವು, ಹಾಸನದಲ್ಲಿ ತೋರಿಸಿದೆವು. ಮಿಷನ್ ಹಾಕಿದರೆ ತಲೆಯೊಳಗೆ ಹಿಟ್ಟಿನ ಗಿರಣಿ ಓಡಿದ ಹಾಗಾಗುತ್ತದೆ. ಮೊಮ್ಮಗಳು ದಿವ್ಯಾ ಮಾತಾಡುವಾಗ ಬಾಯಿ ನೋಡುತ್ತೇನೆ, ಮುಕ್ಕಾಲು ತಿಳಿಯುತ್ತದೆ. ಉಳಿದ ಕಾಲು ತಿಳಿಯದಿದ್ದರೂ ನಷ್ಟವಿಲ್ಲ.

ಈಗ ನೆಟ್ಟಗೆ ಹೇಳು. ಅವತ್ತಿನಿಂದ ಖಾಲಿ ಕರಡಿಗೆಯನ್ನೇ ಕೊರಳಿಗೆ ಹಾಕಿಕೊಂಡು ಓಡಾಡುತ್ತಿದ್ದೀಯಾ? ಲಿಂಗ ಇರಬೇಕಾದ ಬೆಳ್ಳಿ ಡಬ್ಬಿಯಲ್ಲಿ ಏನೂ ಇಲ್ಲದೆ, ನಾಲ್ಕೂವರೆ ವರ್ಷ? ನಿನ್ನ ಗಂಡನಿಗೂ ಹೇಳದೆ?

ಜಾನಕಮ್ಮ


ಅರಸೀಕೆರೆ
22 ಜುಲೈ 2025

ಜಾನಕಕ್ಕ,

ತಪ್ಪಾಯಿತು. ಇದನ್ನು ಬರೆಯುವುದಕ್ಕೆ ನಾಲ್ಕೂವರೆ ವರ್ಷ ಬೇಕಾಯಿತು. ಬರೆದ ಮೇಲೆ ನೋಡಿದರೆ ಒಂದೇ ಪದ. ಕ್ಷಮಿಸುವುದು ಬಿಡುವುದು ನಿಮ್ಮಿಷ್ಟ.

ಹೌದು. ಖಾಲಿ ಕರಡಿಗೆ. ನಿಮಗೆ ಅರ್ಧ ಗೊತ್ತು, ಉಳಿದರ್ಧ ಕೇಳಿ.

ನಮ್ಮ ಶರತ್ ಹೋಗುವುದಕ್ಕೆ ಮೂರು ವರ್ಷ ಮುಂಚೆ ಗೆಳೆಯರ ಜೊತೆ ಬೇಲೂರಿಗೆ ಹೋಗಿ ಯಗಚಿ ಹೊಳೆಯಲ್ಲಿ ಈಜಾಡಿ ಬಂದ. ನೀರಿನಲ್ಲಿ ಶಿವದಾರ ಕಿತ್ತು ಲಿಂಗ ಹೋಯಿತು. ನನಗೊಬ್ಬಳಿಗೆ ಹೇಳಿದ. ಗುರುಗಳ ಹತ್ತಿರ ಹೋಗಿ ಇನ್ನೊಂದು ಕಟ್ಟಿಸಿಕೊಂಡು ಬರೋಣ ಅಂದರೆ, "ಬೇಡ ಬಿಡಮ್ಮ. ಅದು ಹೋಗಿದ್ದಕ್ಕೆ ನಂಗೇನೂ ಆಗ್ಲಿಲ್ವಲ್ಲ. ಮತ್ತೆ ಯಾಕೆ ಹಾಕ್ಕೊಳ್ಳೋ ನಾಟಕ?" ಅಂದ. ಹರೆಯದ ಮಾತು. ಅವರಪ್ಪನಿಗೆ ಗೊತ್ತಾದರೆ ಮನೆಯೊಳಗೆ ಸೇರಿಸುತ್ತಿರಲಿಲ್ಲ. ಲಿಂಗ ಬಿಟ್ಟವನ ಕೈ ನೀರು ಕುಡಿಯದ ವಂಶ ನಮ್ಮದು ಎಂದು ಹೇಳಿಕೊಂಡು ತಿರುಗುವ ಮನುಷ್ಯ. ಅದಕ್ಕೆ ನಾನೇ ಒಂದು ಖಾಲಿ ಕರಡಿಗೆ ಕಟ್ಟಿಕೊಟ್ಟೆ, ಅಂಗಿಯ ಮೇಲೆ ಕಾಣುವ ಹಾಗೆ ಇರಲಿ ಅಂತ. ಇವತ್ತಲ್ಲ ನಾಳೆ ಬುದ್ಧಿ ಬರುತ್ತದೆ ಅಂದುಕೊಂಡೆ. ಗಂಡಸಿ ರಸ್ತೆಯಲ್ಲಿ ಬೈಕು ಲಾರಿಗೆ ತಗುಲಿದಾಗ ಅವನಿಗೆ ಇಪ್ಪತ್ತಮೂರು.

ಆಸ್ಪತ್ರೆಯವರು ವಾಚು, ಪರ್ಸು, ಕರಡಿಗೆ ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟಿದ್ದರು. ನಮ್ಮಲ್ಲಿ ಮಣ್ಣು ಮಾಡುವಾಗ ಕೂರಿಸಿ, ಅವರವರ ಲಿಂಗವನ್ನು ಅವರವರ ಎಡಗೈಯಲ್ಲಿ ಇಡುತ್ತಾರೆ. ಅಯ್ಯನವರು "ಹುಡುಗನ ಲಿಂಗ ತನ್ನಿ" ಅಂದರು. ಇಡೀ ಪೇಟೆ ಅಂಗಳದಲ್ಲಿ ನಿಂತಿತ್ತು. ಕರಡಿಗೆ ತೊಳೆದು ತರುತ್ತೇನೆ ಅಂತ ಒಳಗೆ ಬಂದೆ. ಆಮೇಲಿನದನ್ನು ನೀವೇ ನೋಡಿದ್ದೀರಿ. ನನ್ನದನ್ನು ತೆಗೆದು ಅವನ ಕರಡಿಗೆಗೆ ಹಾಕುವಾಗ ನೀವು ನನ್ನ ಮುಂಗೈ ಹಿಡಿದುಕೊಂಡು "ಬ್ಯಾಡ ಗಂಗಾ, ಸತ್ತ ಮಗೀನ ಕೈಗೆ ಸುಳ್ಳು ಕೊಡಬ್ಯಾಡ" ಅಂದಿರಿ. ಅದಕ್ಕೇ ನಾನು ಆ ಮಾತು ಅಂದದ್ದು. ನೀವು ಹೇಳಿದ್ದು ನಿಜವಾಗಿತ್ತು, ಅದಕ್ಕೇ ಅಷ್ಟು ಕೆಟ್ಟ ಮಾತು ಬಂತು.

ಈಗ ದಿನಾ ಬೆಳಿಗ್ಗೆ ಯಜಮಾನರು ಒಂದು ಮಣೆಯ ಮೇಲೆ, ನಾನು ಇನ್ನೊಂದರ ಮೇಲೆ. ಅವರ ಎಡಗೈಯಲ್ಲಿ ಲಿಂಗ. ನನ್ನ ಎಡಗೈಯಲ್ಲಿ ಒಂದು ಬಿಲ್ವಪತ್ರೆ, ಎರಡು ಹೂವು, ಕೆಳಗೆ ಏನೂ ಇಲ್ಲ. ಕಾಣದಿರಲಿ ಎಂದು ತಲೆಯಿಂದ ಕೈವರೆಗೆ ಸೆರಗು ಮುಚ್ಚಿಕೊಳ್ಳುತ್ತೇನೆ. ಅದನ್ನು ನೋಡಿದ ನೆಂಟರೊಬ್ಬರು "ಎಂಥಾ ಏಕಾಗ್ರತೆ!" ಎಂದು ಊರೆಲ್ಲ ಹೇಳಿದರು. ಈಗ ಬೀದಿಯ ಸೊಸೆಯರು ಸೆರಗು ಮುಚ್ಚಿಕೊಂಡು ಪೂಜೆ ಮಾಡುತ್ತಾರಂತೆ. ಸಂಪ್ರದಾಯಗಳು ಹೀಗೆಯೇ ಶುರುವಾಗುತ್ತವೇನೋ.

ಕಾಗದಗಳನ್ನು ಯಜಮಾನರೇ ತಂದುಕೊಡುತ್ತಾರೆ. ಒಡೆಯುವುದಿಲ್ಲ. ಅಂಗೈಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು, ತೂಕ ನೋಡಿದ ಹಾಗೆ ನೋಡಿ ಕೊಡುತ್ತಾರೆ. ವ್ಯಾಪಾರ ಬಿಟ್ಟರೂ ಚಾಳಿ ಬಿಡಲಿಲ್ಲ. ಸಾರಿಗೆ ಒಂದು ತೆಂಗಿನಕಾಯಿ ತಂದರೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ನೀರೆಷ್ಟಿದೆ, ತಿರುಳು ಒಣಗಿ ಗಿಟುಕು ಬಿಟ್ಟಿದೆಯೇ ಅಂತ ಹೇಳಿದ ಮೇಲೇ ಒಡೆಯಲು ಕೊಡುವುದು.

ಶಿವಗಂಗ


ಹಗರೆ
9 ಆಗಸ್ಟ್ 2025

ಗಂಗಾ,

ಓದಿ ಎರಡು ದಿನ ಯಾರ ಮೇಲೂ ರೇಗಲಿಲ್ಲ. ಮನೆಯವರಿಗೆ ಗಾಬರಿಯಾಗಿ ದಿವ್ಯಾ ಜ್ವರ ನೋಡಿದಳು.

ಹುಡುಗನ ವಿಷಯ ನನಗೆ ಗೊತ್ತಿರಲಿಲ್ಲ. ನಿನ್ನದನ್ನು ಕೊಟ್ಟೆ ಅಂತ ಗೊತ್ತಿತ್ತು, ಯಾಕೆ ಅಂತ ಗೊತ್ತಿರಲಿಲ್ಲ. ದುಃಖಕ್ಕೆ ತಲೆ ಕೆಟ್ಟು ಏನೋ ಮಾಡುತ್ತಿದ್ದಾಳೆ ಅಂದುಕೊಂಡಿದ್ದೆ. ಗೊತ್ತಿದ್ದರೆ ಮುಂಗೈ ಹಿಡಿಯುತ್ತಿರಲಿಲ್ಲ. ಬಾಗಿಲು ಹಾಕಿಕೊಂಡು ಕಾವಲು ನಿಲ್ಲುತ್ತಿದ್ದೆ.

ಆದರೆ ಈಗ ಇದಕ್ಕೆ ದಾರಿ ಇಲ್ಲವೇ? ಮಠಕ್ಕೆ ಹೋಗಿ, ಕಳೆದುಹೋಯಿತು ಅಂತ ಹೇಳಿ, ಇನ್ನೊಂದು ತಗೋ. ನಿಮ್ಮವರಲ್ಲಿ ಕೊಡುತ್ತಾರೆ ತಾನೇ? ಬಾವಿಗೆ ಬಿತ್ತು ಅನ್ನು. ಒಂದು ಸುಳ್ಳಿನ ಮೇಲೆ ಇನ್ನೊಂದು, ಆಮೇಲೆ ಮುಗಿಯಿತು.

ಕ್ಷಮಿಸುವ ಮಾತು ಇನ್ನೊಂದು ಕಾಗದದಲ್ಲಿ. ಎಲ್ಲ ಒಟ್ಟಿಗೆ ಕೊಟ್ಟರೆ ನಿನಗೆ ಸಸಾರವಾಗುತ್ತದೆ. ಒಂದು ಮಾತು ಮಾತ್ರ ಹೇಳುತ್ತೇನೆ. ಕೊರಳಲ್ಲಿ ಲಿಂಗವಿಲ್ಲದವಳು ಈಗ ನೀನೂ ಆದೆ. ನಮ್ಮ ಕೂಟಕ್ಕೆ ಬಂದೆ, ಬಾ, ಚಾಪೆ ಹಾಸಿದೆ.

ಜಾನಕಕ್ಕ


ಅರಸೀಕೆರೆ
6 ಸೆಪ್ಟೆಂಬರ್ 2025

ಜಾನಕಕ್ಕ,

ನೀವು 'ಜಾನಕಕ್ಕ' ಎಂದು ಸಹಿ ಹಾಕಿದ್ದನ್ನು ನೋಡಿ ಅಡಿಗೆಮನೆಯಲ್ಲಿ ಕೂತು ಅತ್ತೆ. ಯಜಮಾನರು ಕೇಳಿದರೆ ಈರುಳ್ಳಿ ಅಂದೆ.

ಬಾವಿಗೆ ಬಿತ್ತು ಅಂತ ಹೇಳುವುದು ಸುಲಭ ಅಂದುಕೊಂಡಿರಾ? ಎಂದು ಬಿತ್ತು ಅನ್ನುತ್ತಾರೆ. ನಿನ್ನೆ ಅಂದರೆ, ಇಷ್ಟು ನಿಷ್ಠೆಯವಳು ಹೇಗೆ ಕಳೆದುಕೊಂಡಳು ಎಂದು ಬಾವಿಗೆ ಆಳು ಇಳಿಸುತ್ತಾರೆ. ಯಜಮಾನರು ತಾವೇ ಇಳಿದರೂ ಇಳಿದರು, ಅರವತ್ತಾರು ವರ್ಷಕ್ಕೆ. ನಿಜ ಹೇಳಿದರೆ ಮಗ ಲಿಂಗವಿಲ್ಲದೆ ಮೂರು ವರ್ಷ ಇದ್ದ ಅನ್ನುವುದು ಹೊರಬರುತ್ತದೆ. ಸತ್ತವನ ಮೇಲೆ ಅವರಪ್ಪನಿಗೆ ಸಿಟ್ಟು ಬರಬೇಕೆ? ಆ ಮನುಷ್ಯನಿಗೆ ಉಳಿದಿರುವುದೇ ಮಗನ ಒಳ್ಳೆಯ ಹೆಸರು. ಗೂಟಕ್ಕೆ ಕಟ್ಟಿದ ಹಸುವಿನ ಹಾಗೆ ಎತ್ತ ತಿರುಗಿದರೂ ಹಗ್ಗದಷ್ಟೇ ಜಾಗ.

ಹಾಡು ಏಳು ಸಲ ಬರೆದೆ. "ಎಲ್ಲ ಹೋದರೂ ಶಿವನೆ ನೀನು ಹೋಗಲಿಲ್ಲ" ಅಂತ ಒಂದು. ಅಂಗೈ ನೋಡಿಕೊಂಡೆ, ನಾಚಿಕೆಯಾಯಿತು, ಹರಿದೆ. "ಕಷ್ಟವೆಂಬ ಕುಲುಮೆಯಲ್ಲಿ ಚಿನ್ನವಾದೆ" ಅಂತ ಇನ್ನೊಂದು. ಎಲ್ಲಿ ಚಿನ್ನ? ಅದನ್ನೂ ಹರಿದೆ. ರಾಜಶೇಖರ್ ಮೂರು ದಿನಕ್ಕೊಮ್ಮೆ ಫೋನು. "ಎಲ್ಲಿಗೆ ಬಂತ್ರಮ್ಮ ಹಾಡು?" ಬಸ್ಸು ಎಲ್ಲಿಗೆ ಬಂತು ಅಂತ ಕೇಳಿದ ಹಾಗೆ.

ಇದೆಲ್ಲ ಹೇಗೋ ಸಹಿಸಿಕೊಂಡೇನು. ಆಶಾರಾಣಿ ಅಂತ ಒಬ್ಬಳು ಬರುತ್ತಾಳೆ, ಹಿಂದಿನ ಬೀದಿಯವಳು. ಆರು ವರ್ಷದ ಮಗಳು ಡೆಂಗ್ಯೂ ಬಂದು ತೀರಿಹೋದಳು. ಯಾರೋ ನನ್ನ ಹತ್ತಿರ ಕಳಿಸಿದ್ದಾರೆ. "ನೀವು ಹೆಂಗ್ರೀ ನಂಬಿಕೆ ಇಟ್ಕೊಂಡಿದ್ದೀರಿ?" ಅಂತ ಕೇಳಿದಳು. ನಾನು ದೊಡ್ಡ ಶರಣೆಯ ಹಾಗೆ, ದಿನಾ ತಪ್ಪದೆ ಪೂಜೆ ಮಾಡಮ್ಮ, ಮನಸ್ಸು ನಿಲ್ಲುತ್ತದೆ ಅಂದೆ. ಒಂದು ತಿಂಗಳಾದ ಮೇಲೆ ಮತ್ತೆ ಬಂದಳು, ಕಡ್ಡಿಯ ಹಾಗಾಗಿದ್ದಾಳೆ. ದಿನಾ ಉಪವಾಸವಂತೆ. "ನಿಮಗೆ ಆದಂಗೆ ನಂಗೆ ಯಾಕೆ ಆಗ್ತಿಲ್ಲ? ನನ್ನ ಭಕ್ತೀಲೇ ಏನೋ ಕಮ್ಮಿ ಐತೆ, ಅದಕ್ಕೇ ಮಗೂನೂ ಹೋಯ್ತು" ಅಂದಳು. ನನ್ನ ಕೊರಳಿನ ಖಾಲಿ ಡಬ್ಬಿಯನ್ನು ನೋಡಿಕೊಂಡು ಹಾಗಂದಳು, ಅಕ್ಕ. ಕಣ್ಣಿಗೊತ್ತಿಕೊಂಡು ಹೋದಳು.

ಪೂರ್ತಿ ಖಾಲಿ ಅಲ್ಲ ಅನ್ನಿ. ಬಗ್ಗಿ ಕಸ ಗುಡಿಸುವಾಗ ಹಗುರವಾಗಿ ಮಗುಚಿಕೊಳ್ಳುತ್ತದೆ ಎಂದು ಮೊದಲ ವಾರವೇ ಅಡಿಗೆಮನೆಯ ಡಬ್ಬಿಯಿಂದ ಎರಡು ಹುಣಸೆ ಬೀಜ ತೆಗೆದು ಹಾಕಿದ್ದೆ, ಭಾರಕ್ಕೆ. ಆ ಹೆಂಗಸು ಕಣ್ಣಿಗೊತ್ತಿಕೊಂಡದ್ದು ಅದನ್ನು.

ಮಟ್ಟು ಹೇಳಿ, ಪದ ಹೇಳಿ, ಏನಾದರೂ ಹೇಳಿ. ಮೊದಲೆಲ್ಲ ನಾನು ಪದ ಕಟ್ಟಿದರೆ ಮಟ್ಟು ಹಾಕುತ್ತಿದ್ದವರು ನೀವೇ ತಾನೆ?

ಶಿವಗಂಗ


ಹಗರೆ
20 ಸೆಪ್ಟೆಂಬರ್ 2025

ಗಂಗಾ,

ಹಳೇಬೀಡಿಗೆ ಮದುವೆಗೆ ಹೊರಟಿದ್ದೇನೆ. ಅಲ್ಲಿ ವಾಲಗ ಊದುವವರ ಕೆನ್ನೆ ನೋಡಿಕೊಂಡು ಕೂರಬೇಕು. ಹೋಗುವ ಮುಂಚೆ ಇದನ್ನು ಬರೆದುಬಿಡುತ್ತೇನೆ.

ಕಿವಿ ಹೋದ ಮೇಲೆ ಒಂದು ಸಂಗತಿ ಗೊತ್ತಾಯಿತು. ತಲೆಯೊಳಗಿನ ಮಟ್ಟು ಒಂದೂ ಹೋಗಿಲ್ಲ. ಹಾಲಿನ ಕ್ಯಾನಿನ ಮುಚ್ಚಳದ ಮೇಲೆ ತಾಳ ಹಾಕಿದರೆ ಬೆರಳಿನಿಂದ ಹತ್ತಿ ಎದೆಗೆ ಬರುತ್ತದೆ. ಬಾಯಿಬಿಟ್ಟು ಹಾಡುವುದಿಲ್ಲ. ಹೇಗೆ ಕೇಳುತ್ತದೋ ಯಾರಿಗೆ ಗೊತ್ತು, ಮಕ್ಕಳು ಎದ್ದು ಆಚೆ ಹೋಗುತ್ತಾರೆ.

ಈಗ ನನ್ನದೊಂದು ಪ್ರಶ್ನೆ. ದಿನಾ ಬರಿಗೈಯಲ್ಲಿ ಮಣೆಯ ಮೇಲೆ ಕೂರುತ್ತೀಯಲ್ಲ, ಯಾರಿಗೋಸ್ಕರ? ಗಂಡ ನೋಡಲಿ ಅಂತ. ಸರಿ. ಷಡಕ್ಷರಪ್ಪನವರು ಊರಿನಲ್ಲಿ ಇಲ್ಲದ ದಿನ ಏನು ಮಾಡುತ್ತೀಯ? ಕೂರುತ್ತೀಯಾ, ಇಲ್ಲ ಆ ಹೊತ್ತಿಗೆ ಇನ್ನೊಂದು ಲೋಟ ಕಾಫಿ ಕುಡಿಯುತ್ತೀಯಾ? ನಿಜ ಹೇಳು. ಕಾಫಿ ಅಂದರೆ ರಾಜಶೇಖರನಿಗೆ ಫೋನ್ ಮಾಡಿ ಹಾಡಿಲ್ಲ ಗೀಡಿಲ್ಲ ಅಂದುಬಿಡು. ಕೂರುತ್ತೇನೆ ಅಂದರೆ ಅದನ್ನೇ ಬರಿ.

ಮಟ್ಟು: ದಿವ್ಯಾಳ ಅಮ್ಮನಿಗೆ ಸೀಮಂತದಲ್ಲಿ ನಾವಿಬ್ಬರೇ ಹಾಡಿದೆವಲ್ಲ, ಮೂರು ಸಾಲಿನದು, ಎರಡನೇ ಸಾಲಿನ ಕೊನೆಯಲ್ಲಿ ಉಸಿರು ಹಿಡಿದು ನಿಲ್ಲುವುದು. ಅದು. ನಿಲ್ಲುವ ಕಡೆ ಆತುರ ಬೇಡ. ನಿನಗೆ ಮೊದಲಿನಿಂದಲೂ ಅಲ್ಲಿ ಆತುರ.

ಕ್ಷಮಿಸಿದ್ದೇನೆ. ಇದನ್ನು ಮತ್ತೆ ಕೇಳಬೇಡ.

ಜಾನಕಕ್ಕ


ಅರಸೀಕೆರೆ
19 ಅಕ್ಟೋಬರ್ 2025

ಜಾನಕಕ್ಕ,

ಆ ಪ್ರಶ್ನೆಗೆ ಉತ್ತರ ನನಗೇ ಗೊತ್ತಿರಲಿಲ್ಲ. ಹೋದ ತಿಂಗಳು ಯಜಮಾನರು ತಿಪಟೂರಿಗೆ ಹೋಗಿ ಮೂರು ದಿನ ತಂಗಿಯ ಮನೆಯಲ್ಲಿ ಇದ್ದರು. ಪರೀಕ್ಷೆ ಮಾಡಿಕೊಂಡೆ. ಮೊದಲ ದಿನ ಬೇಕೆಂದೇ ಕಾಫಿ ಕಾಯಿಸಿದೆ. ಲೋಟ ಹಿಡಿದುಕೊಂಡು ನಿಂತೆ, ಕಾಲು ಮಣೆಯ ಹತ್ತಿರ ಹೋಯಿತು. ಕೂತೆ. ಸೆರಗು ಮುಚ್ಚಲಿಲ್ಲ, ಹೂವೂ ಇಡಲಿಲ್ಲ. ಖಾಲಿ ಅಂಗೈಯನ್ನೇ ಮುಂದೆ ಹಿಡಿದುಕೊಂಡು, ಗೆರೆಗಳನ್ನು ನೋಡಿಕೊಂಡು ಕೂತಿದ್ದೆ. ಬೈದೆ. ನನ್ನ ಮಗನನ್ನು ಹೀಗೆ ಮಾಡಿದೆಯಲ್ಲ ಅಂತ ಬಾಯಿಗೆ ಬಂದ ಹಾಗೆ ಬೈದೆ. ಬೈಯುವುದಕ್ಕಾದರೂ ಎದುರಿಗೆ ಒಬ್ಬ ಇರಬೇಕಲ್ಲ ಅಕ್ಕ. ಇದ್ದ. ಕಾಫಿ ಆರಿಹೋಯಿತು. ಮೂರು ದಿನವೂ ಕೂತೆ.

ಆಮೇಲೆ ಹಾಡು ತಾನಾಗಿ ಬಂತು. ಐದು ಪದ, ಮೂರು ಮೂರು ಸಾಲಿನವು. ಮೂರನೆಯದನ್ನು ನಿಮಗೆ ಬರೆಯುತ್ತೇನೆ:

ಮಗನ ಅಂಗೈ ತುಂಬಿ ನನ್ನಂಗೈ ಬರಿದಾಯ್ತು
ಬರಿಗೈಲೆ ದಿನವು ಬೆಳಗಾಗ | ಕೂತೇನು
ಕರೆದಾರೆ ಓಗೊಡೊ ಶಿವನೆ

ರಾಜಶೇಖರ್‌ಗೆ ಕಳಿಸಿದೆ. ಎರಡು ದಿನಕ್ಕೆ ಮನೆಗೇ ಬಂದರು. "ಹಾಡೇನೋ ಭಾಳ ಚೆನ್ನಾಗದೆ ಕಣ್ರಮ್ಮ. ಆದ್ರೆ ಮೂರನೇ ಪದ ಸಮಿತಿಯೋರಿಗೆ ಸರಿ ಕಾಣ್ಲಿಲ್ಲ. ಬರಿದು, ಬರಿಗೈ ಅಂತ ಮಠದಲ್ಲಿ ಹಾಡಿದ್ರೆ ಶುಭ ಅಲ್ಲ. ಬಂದೋರೆಲ್ಲ ಏನಂದ್ಕೊಳ್ತಾರೆ? ನಾವೇ ಸ್ವಲ್ಪ ತಿದ್ದಿದೀವಿ" ಅಂದು ಟೈಪು ಮಾಡಿದ ಹಾಳೆ ಕೊಟ್ಟರು. ಅವರ ಪದ ಹೀಗಿದೆ: "ಶಿವನ ಕರುಣೆಯು ತುಂಬಿ ನನ್ನಂಗೈ ಬೆಳಗಾಯ್ತು." ಮಗನನ್ನೇ ತೆಗೆದುಹಾಕಿದ್ದಾರೆ. ಎರಡನೇ ಸಲ ಹೋದ ಹಾಗಾಯಿತು ಅವನು.

ಶಾಲೆಯ ಹುಡುಗಿಯರು ಅದನ್ನೇ ಅಭ್ಯಾಸ ಮಾಡುತ್ತಿದ್ದಾರೆ. ಅಕ್ಷತಾ ಅಂತ ಟೀಚರ್ ಹೇಳಿಕೊಡುತ್ತಾಳೆ, ಪಾಪ ಒಳ್ಳೆಯ ಹುಡುಗಿ. ಅವಳಿಗೆ ಕೊಟ್ಟದ್ದೇ ಆ ಹಾಳೆ. ನಾನೂ ನಡುವೆ ಕೂತು ಹಾಡುತ್ತೇನೆ. ಯಜಮಾನರು ಹಾಡನ್ನು ಇನ್ನೂ ನೋಡಿಲ್ಲ. "ಅಲ್ಲೇ ಕೇಳ್ತೀನಿ ಬಿಡು" ಅಂದಿದ್ದಾರೆ. ನನ್ನ ಪದ ಹಾಡಿದರೆ ಅವರಿಗೆ ತಿಳಿಯುತ್ತದೆ. ಮಣ್ಣು ಮಾಡುವಾಗ ಮಗನ ಕೈ ಹಿಡಿದು ಬೆರಳು ಮಡಿಸಿದವರು ಅವರೇ. ಸಮಿತಿಯವರ ಪದ ಹಾಡಿದರೆ ಆಶಾರಾಣಿ ಇನ್ನೊಂದು ವಾರ ಉಪವಾಸ ಮಾಡುತ್ತಾಳೆ. ಅವಳೂ ಬರುತ್ತಾಳಂತೆ.

ಏನು ಮಾಡಲಿ?

ಶಿವಗಂಗ


ಹಗರೆ
2 ನವೆಂಬರ್ 2025

ಗಂಗಾ,

ಏನು ಮಾಡಲಿ ಅಂತ ನನ್ನನ್ನು ಕೇಳುತ್ತೀಯಲ್ಲ, ಒಂದು ಸಲ ಹೇಳಿದೆ, ಏನಂದೆ ನೆನಪಿದೆಯಾ? ಈ ಸಲ ಹೇಳುವುದಿಲ್ಲ.

ಬರುತ್ತೇನೆ. ಮಧು ಕರೆದುಕೊಂಡು ಬರುತ್ತಾನೆ. ಮುಂದಿನ ಸಾಲಿನಲ್ಲಿ ಕೂರುತ್ತೇನೆ, ನಿನ್ನ ಬಾಯಿ ನೋಡುತ್ತೇನೆ. "ಮ" ಅನ್ನುವುದಕ್ಕೆ ತುಟಿ ಮುಚ್ಚಬೇಕು, "ಶಿ" ಅನ್ನುವುದಕ್ಕೆ ಮುಚ್ಚಬೇಕಿಲ್ಲ. ನನ್ನ ಹತ್ತಿರ ಸುಳ್ಳು ಹೇಳಲು ಆಗುವುದಿಲ್ಲ ನಿನಗೆ.

ಜಾನಕಕ್ಕ


ಅರಸೀಕೆರೆ
19 ನವೆಂಬರ್ 2025

ಜಾನಕಕ್ಕ,

ಊಟಕ್ಕೂ ನಿಲ್ಲದೆ ಬಸ್ಸಿಗೆ ಓಡಿದಿರಿ. ನೀವು ನೋಡಿದಿರಿ, ಆದರೆ ಕೇಳಲಿಲ್ಲ. ಕೇಳದ್ದನ್ನು ನಾನು ಹೇಳಬೇಕು, ಆಮೇಲಿನದನ್ನೂ.

ಎರಡು ಪದ ಚೆನ್ನಾಗಿಯೇ ಹೋಯಿತು. ಮೂರನೆಯದಕ್ಕೆ ಹುಡುಗಿಯರು "ಶಿವನ ಕರುಣೆಯು" ಅಂತ ಎತ್ತಿಕೊಂಡರು. ನಾನು ಮುಂದಿನ ಸಾಲು ನೋಡಿದೆ. ನೀವು ಕೂತಿದ್ದಿರಿ, ಮೊಣಕಾಲಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಿರಿ. ನಿಮ್ಮ ಹಿಂದಿನ ಸಾಲಿನಲ್ಲಿ ಆಶಾರಾಣಿ. ನಾನು ನನ್ನ ಪದ ಹಾಡಿದೆ. ಹುಡುಗಿಯರು ಗಲಿಬಿಲಿಯಾಗಿ ಒಬ್ಬೊಬ್ಬರೇ ನಿಂತರು, ಹಾರ್ಮೋನಿಯಂ ನಿಂತಿತು. ಕೊನೆಗೆ ನನ್ನದೊಂದೇ ದನಿ. ನೀವು ಹೇಳಿದ ಹಾಗೆ ಎರಡನೇ ಸಾಲಿನ ಕೊನೆಯಲ್ಲಿ ಆತುರಪಡದೆ ನಿಂತೆ. ಬಚ್ಚಲಿನಲ್ಲಿ ತೊಟ್ಟಿಕ್ಕುವ ನಲ್ಲಿಯ ಸದ್ದು ಅಲ್ಲಿಗೆ ಕೇಳಿಸುತ್ತಿತ್ತು.

ಎಲ್ಲಾ ಬಯಲಾಯಿತು, ಇನ್ನು ಆಕಾಶ ಕಳಚಿ ಬೀಳುತ್ತದೆ ಅಂದುಕೊಂಡೆ. ಏನಾಯಿತು ಗೊತ್ತೇ? ಚಪ್ಪಾಳೆ. ರಾಜಶೇಖರ್ ಮೈಕು ಹಿಡಿದು "ಅಮ್ಮಾವ್ರಿಗೆ ವಯಸ್ಸಾಯ್ತು, ಒಂದು ಸಾಲು ಮರೆತು ಹಳೇದನ್ನೇ ಹಾಡಿದ್ರು, ಆದ್ರೂ ಕಂಠ ನೋಡಿ" ಅಂದರು. ಎಲ್ಲರೂ ನಕ್ಕರು. ಶಾಲು ಹೊದಿಸಿದರು. ನಾಲ್ಕೂವರೆ ವರ್ಷ ಬಚ್ಚಿಟ್ಟದ್ದನ್ನು ಐನೂರು ಜನರ ಮುಂದೆ ಹೇಳಿದರೆ ಮರೆವು ಅಂದುಬಿಟ್ಟರು! ನನಗೆ ನಗು ಬಂತು, ಅಳು ಬಂತು, ಎರಡನ್ನೂ ಶಾಲಿನೊಳಗೆ ಹಾಕಿಕೊಂಡೆ.

ಕೆಳಗಿಳಿದ ಮೇಲೆ ಆಶಾರಾಣಿ ಬಂದಳು. "ನಿಮ್ಮ ಕೈನೂ ಬರಿದೇನಾ ಅಮ್ಮ?" ಅಂದಳು. "ಬರಿದೇ ಕಣವ್ವ. ಬೈಕೊಂಡೇ ಕೂರ್ತೀನಿ ದಿನಾ" ಅಂದೆ. ಅವಳು ಪಂಕ್ತಿಯಲ್ಲಿ ನನ್ನ ಪಕ್ಕ ಕೂತು, ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು.

ಯಜಮಾನರು ಮನೆಗೆ ಬಂದು ಅಂಗಿ ಬಿಚ್ಚಿ ಮೊಳೆಗೆ ಹಾಕಿ, ಜಗಲಿಯ ಮೇಲೆ ಕೂತರು. ನಾನು ನೀರು ಕೊಟ್ಟೆ. ಲೋಟ ಪಕ್ಕಕ್ಕಿಟ್ಟು ಕೈ ಚಾಚಿದರು. ಏನು ಅಂದೆ. "ಕರಡಿಗೆ ಕೊಡು" ಅಂದರು. ಕೊರಳಿನಿಂದ ತೆಗೆದು ಕೊಟ್ಟೆ. ಅವರು ತೆರೆಯಲಿಲ್ಲ ಅಕ್ಕ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಹುಣಸೆ ಬೀಜ. ಎರಡವೆ" ಅಂದರು.

"ಹೆಂಗೆ ಗೊತ್ತಾಯ್ತು?" ಅಂದೆ.

"ಒಂದು ಚೂರು ಬಟ್ಟೆ ಸುತ್ತಿ ಇಟ್ಟಿದ್ರೆ ನಂಗೂ ಗೊತ್ತಾಗ್ತಿರ್ಲಿಲ್ಲ. ನೀನು ಬಗ್ಗಿದಾಗೆಲ್ಲ ಗಡಗಡ ಅಂತಿತ್ತು. ನಲವತ್ತು ವರ್ಷ ಕಾಯಿ ಅಲ್ಲಾಡಿಸಿ ಒಳಗೇನೈತೆ ಅಂತ ಹೇಳಿದೋನು ಕಣೇ ನಾನು. ಹನ್ನೊಂದನೇ ದಿನಕ್ಕೇ ಗೊತ್ತಾಯ್ತು."

"ಮತ್ತೆ ಯಾಕೆ ಕೇಳ್ಲಿಲ್ಲ?"

"ಸಿಟ್ಟಿಗೆ ಎಲ್ಲೋ ಎಸೆದು ಬಂದಿದೀಯ ಅಂದ್ಕೊಂಡೆ. ಮಗನ್ನ ಕಿತ್ಕೊಂಡ ದೇವ್ರನ್ನ ಕೊರಳಲ್ಲಿ ಇಟ್ಕೋ ಅಂತ ಯಾವ ಬಾಯಲ್ಲಿ ಹೇಳ್ಲಿ? ನಂಗೋಸ್ಕರ ನಾಟಕ ಆಡ್ತಿದೀಯ, ಆಡ್ಲಿ, ನಾನೂ ನೋಡಿಲ್ಲ ಅಂತ ಇದ್ದೆ. ರಾಜಶೇಖರ ಹಾಡು ಅಂದಾಗ ಹೂ ಅಂದಿದ್ದು ಅದಕ್ಕೇ. ಬರೆಯೋ ನೆಪದಲ್ಲಾದ್ರೂ ಬಾಯಿ ಬಿಡ್ತೀಯೇನೋ ಅಂತ."

ಆಮೇಲೆ ಕೇಳಿದರು. "ಅವನ ಕೈಗೆ ನಿಂದು ಕೊಟ್ಟೆಯಾ?" ಹೂ ಅಂದೆ. "ಅವಂದು?" ಯಗಚಿಯ ವಿಷಯ ಹೇಳಿದೆ, ಮೂರು ವರ್ಷ ಖಾಲಿ ಕರಡಿಗೆ ಕಟ್ಟಿಕೊಟ್ಟದ್ದನ್ನೂ ಹೇಳಿದೆ. ಈಗ ಏಳುತ್ತಾರೆ, ಈಗ ಕೂಗುತ್ತಾರೆ ಅಂತ ಕಾದೆ. ಅವರು ಕರಡಿಗೆಯನ್ನು ಅಂಗೈಯಲ್ಲಿ ಉರುಳಿಸುತ್ತಾ ಕೂತಿದ್ದರು. "ಯಗಚಿ ಆ ಕಡೆ ಭಾಳ ಸೆಳವು. ದಾಟಿ ಬಂದನಲ್ಲ, ಈಜು ಚೆನ್ನಾಗಿ ಬರ್ತಿತ್ತು ಅವನಿಗೆ" ಅಂದರು. ಆಮೇಲೆ ಅತ್ತರು. ಮಣ್ಣಿನ ದಿನವೂ ಅಳದ ಮನುಷ್ಯ, ಜಗಲಿಯ ಮೇಲೆ, ಹಾದುಹೋಗುವವರ ಕಣ್ಣೆದುರಿಗೇ ಅತ್ತರು.

ಮಠಕ್ಕೆ ಹೋಗಿ ನಿಜ ಹೇಳಿ ಇನ್ನೊಂದು ತರೋಣವೇ ಅಂತ ಕೇಳಿದೆ. ಬೇಡ ಅಂದರು. ಅವನ ಮಾತು ಈ ಹೊಸಲು ದಾಟುವುದು ಬೇಡವಂತೆ. ಹಾಗಾಗಿ ನಾವು ಮೊದಲಿನ ಹಾಗೆಯೇ ಇದ್ದೇವೆ ಅಕ್ಕ, ಹೊಸದಾಗಿ ಒಂದು ಬಿರುದು, ಅದೇ ಎರಡು ಕೋಣೆ, ಕಾಲಿಗೆ ಬೀಳಲು ಬರುವ ಅದೇ ಜನ. ಹಗ್ಗ ಬಿಚ್ಚಿಲ್ಲ. ಗೂಟದ ಹತ್ತಿರ ಇಬ್ಬರಿದ್ದೇವೆ, ಅಷ್ಟೇ.

ಮಂಗಳವಾರ ಬೆಳಿಗ್ಗೆ ಮಣೆ ಹಾಕಿದೆ. ಅವರು ತಮ್ಮ ಪೂಜೆ ಮುಗಿಸಿದರು. ನಮ್ಮಲ್ಲಿ ಒಬ್ಬರ ಲಿಂಗವನ್ನು ಇನ್ನೊಬ್ಬರ ಕೈಗೆ ಕೊಡುವಂತಿಲ್ಲ, ಗಂಡಹೆಂಡತಿಯಾದರೂ. ಅದನ್ನು ನನಗೆ ಮದುವೆಯಾದ ಹೊಸದರಲ್ಲಿ ಕಲಿಸಿದವರು ಅವರೇ. ಎದ್ದು ನನ್ನ ಕಡೆ ತಿರುಗಿ ಕೂತರು. ನನ್ನ ಎಡಗೈ ಎಳೆದುಕೊಂಡು, ಬಿಲ್ವಪತ್ರೆಯನ್ನು ಆಚೆ ಸರಿಸಿ, ತಮ್ಮದನ್ನು ಅಂಗೈಯಲ್ಲಿಟ್ಟರು. ಮಗನ ಬೆರಳು ಮಡಿಸಿದ ಹಾಗೆಯೇ ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿದರು.

"ತಪ್ಪು ಅಂತ ಗೊತ್ತು. ಮಾಡು" ಅಂದರು.

ಇನ್ನೂ ಬೆಚ್ಚಗಿತ್ತು. ನಾನು ಸೆರಗು ಮುಚ್ಚಿಕೊಳ್ಳಲಿಲ್ಲ.

ನಿಮ್ಮ
ಗಂಗಾ